ಫೆಬ್ರವರಿಯಲ್ಲಿ ನೋಡಬೇಕಾದ ಊರು: ಇಂಗ್ಲೆಂಡಿನ ಕಡಲತಡಿಯಲ್ಲಿ ಸಂಸಾರ ಹೂಡುವವರಿಗೆ

ಈಸ್ಟ್‌ಬೋರ್ನ್‌ನಲ್ಲಿ ಬಾಡಿಗೆ ಮನೆ ನೋಡುವುದಿದ್ದರೆ ಫೆಬ್ರವರಿಯಲ್ಲಿ ನೋಡಿ. ಜುಲೈಯಲ್ಲಿ ನೋಡಿದವರಿಗೆ ಎಲ್ಲ ಮನೆಯೂ ಚೆಂದವೇ. ಕಿಟಕಿ ತೆರೆದರೆ ಕಡಲು, ರಾತ್ರಿ ಒಂಬತ್ತಾದರೂ ಆರದ ಬೆಳಕು, ಬ್ಯಾಂಡ್‌ಸ್ಟ್ಯಾಂಡ್ ಕಡೆಯಿಂದ ಕೇಳಿಬರುವ ವಾದ್ಯ. ಅದೇ ಮನೆಗೆ ಫೆಬ್ರವರಿಯಲ್ಲಿ ಹೋದರೆ ಬೀರುವಿನ ಹಿಂದಿನ ಕಪ್ಪು ಬೂಷ್ಟು, ಕಿಟಕಿ ಸಂದಿಯಲ್ಲಿ ಸುಯ್ಯೆನ್ನುವ ಗಾಳಿ, ಅರ್ಧಕ್ಕರ್ಧ ಬಾಗಿಲು ಹಾಕಿದ ಬೀದಿಯ ಅಂಗಡಿಗಳು, ಎಲ್ಲವೂ ಒಂದೇ ಸಲಕ್ಕೆ ಕಣ್ಣಿಗೆ ಬೀಳುತ್ತವೆ. ಇಂಗ್ಲೆಂಡಿನ ಕಡಲತಡಿಯ ಊರುಗಳನ್ನು ಕಟ್ಟಿದ್ದು ಬಂದು ಹೋಗುವವರಿಗಾಗಿ. ಉಳಿಯಲು ಬಂದವರು ಈ ಒಂದು ಸಂಗತಿಯನ್ನು ತಲೆಯಲ್ಲಿಟ್ಟುಕೊಂಡರೆ ಇಲ್ಲಿನ ಮನೆ, ಬಾಡಿಗೆ, ಬಸ್ಸು, ಕೆಲಸ, ಕೊನೆಗೆ ಹಕ್ಕಿಗಳ ವರ್ತನೆಯೂ ಅರ್ಥವಾಗುತ್ತದೆ.

ಈಸ್ಟ್‌ಬೋರ್ನ್ ಇರುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈಸ್ಟ್ ಸಸೆಕ್ಸ್ ಕೌಂಟಿಯಲ್ಲಿ. ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಪಶ್ಚಿಮಕ್ಕೆ ಬ್ರೈಟನ್ನಿಗೆ ಮುಕ್ಕಾಲು ಗಂಟೆಯೊಳಗೆ. ಊರಿಗೆ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ನರ್ಸುಗಳು, ವೈದ್ಯರು, ಮನೆಯಿಂದಲೇ ಕೆಲಸ ಮಾಡುತ್ತ ವಾರಕ್ಕೆರಡು ದಿನ ಲಂಡನ್ನಿಗೆ ಹೋಗಿಬರುವ ಐಟಿಯವರು, ನಮ್ಮ ಕಡೆಯವರು ಇಂಥ ಊರುಗಳಿಗೆ ಬರುವುದು ಹೆಚ್ಚಾಗಿ ಈ ದಾರಿಗಳಲ್ಲಿ. ಇಲ್ಲಿ ಹೇಳುವ ಬಹುಪಾಲು ಮಾತು ಹೇಸ್ಟಿಂಗ್ಸ್, ವರ್ದಿಂಗ್, ಮಾರ್ಗೇಟ್, ಸ್ಕಾರ್ಬರೊ ಊರುಗಳಿಗೂ ಸಲ್ಲುತ್ತದೆ.

ಊರು ಹುಟ್ಟಿದ ರೀತಿಯಿಂದಲೇ ಶುರು ಮಾಡೋಣ. ಸಮುದ್ರದ ನೀರು ಔಷಧಿ ಎಂಬ ನಂಬಿಕೆ 18ನೇ ಶತಮಾನದ ನಡುವಿನಲ್ಲಿ ಇಲ್ಲಿಗೆ ಹತ್ತಿರದ ಲೂಯಿಸ್ ಊರಿನ ವೈದ್ಯ ರಿಚರ್ಡ್ ರಸಲ್ ಬರೆದ ಪುಸ್ತಕದಿಂದ ಹಬ್ಬಿತು. ಬ್ರೈಟನ್ನಿನಲ್ಲಿ ಅದರ ಲಾಭ ಪಡೆದವರಲ್ಲಿ ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮೊಹಮ್ಮದ್ ಕೂಡ ಒಬ್ಬ. ಅಲ್ಲಿ ಸ್ನಾನಗೃಹ ತೆರೆದು, ನಮ್ಮ ಚಂಪಿಯನ್ನು ರಾಜ ನಾಲ್ಕನೇ ಜಾರ್ಜ್‌ನವರೆಗೂ ಮುಟ್ಟಿಸಿದ. ಈಸ್ಟ್‌ಬೋರ್ನ್‌ಗೆ ರೈಲು ಬಂದದ್ದು 1849ರಲ್ಲಿ. ಊರಿನ ಹೆಚ್ಚಿನ ಜಮೀನಿನ ಒಡೆಯನಾಗಿದ್ದ ಏಳನೇ ಡ್ಯೂಕ್ ಆಫ್ ಡೆವನ್‌ಶೈರ್ ನಕ್ಷೆ ಹಾಕಿಸಿ ಅಗಲ ರಸ್ತೆ, ಬಿಳಿ ಹೋಟೆಲುಗಳ ಸಾಲು ಕಟ್ಟಿಸಿದ. ಪಿಯರ್ ಎಂಬ ಕಡಲೊಳಗಿನ ಕಬ್ಬಿಣದ ಕಟ್ಟೆ 1870ರಲ್ಲಿ ತೆರೆಯಿತು. ಪಿಯರ್‌ನಿಂದ ಪಶ್ಚಿಮಕ್ಕೆ ನಡೆದರೆ ಕಡಲೆದುರಿಗೆ ಹೋಟೆಲುಗಳ ಸಾಲೇ ಹೊರತು ಅಂಗಡಿ ಸಾಲು ಸಿಗುವುದಿಲ್ಲ. ಕಡಲೆದುರು ಅಂಗಡಿ ಬೇಡವೆಂಬ ಡ್ಯೂಕನ ಮನೆತನದ ಕಟ್ಟುಪಾಡು ಇಂದಿಗೂ ಎದ್ದು ಕಾಣುತ್ತದೆ. ಹಾಲು ಬ್ರೆಡ್ಡಿಗೆ ಒಳಗಿನ ಬೀದಿಗೇ ಹೋಗಬೇಕು.

1938ರಲ್ಲಿ ಸಂಬಳಸಹಿತ ರಜೆಯ ಕಾನೂನು ಬಂದ ಮೇಲೆ ಕಾರ್ಮಿಕರೂ ಕಡಲಿಗೆ ಬರಲು ದಾರಿಯಾಯಿತು, ಲಾಡ್ಜುಗಳು ತುಂಬಿದವು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಸ್ಪೇನಿಗೆ ಅಗ್ಗದ ವಿಮಾನ ಹಾರತೊಡಗಿತು. ಬಿಸಿಲು ಖಾತ್ರಿಯಿರುವ ಕಡೆ ಜನ ಹೋದರು. ಖಾಲಿಯಾದ ಗೆಸ್ಟ್‌ಹೌಸುಗಳನ್ನು ಮಾಲೀಕರು ತುಂಡು ತುಂಡು ಮಾಡಿ ಫ್ಲ್ಯಾಟುಗಳಾಗಿ ಬಾಡಿಗೆಗೆ ಬಿಟ್ಟರು. ನಿಮಗೆ ಏಜೆಂಟು ತೋರಿಸುವ ಮನೆಗಳಲ್ಲಿ ಅರ್ಧ ಅಂಥವೇ. ಒಂದೇ ಕುಟುಂಬ ಅಥವಾ ಒಂದೇ ಲಾಡ್ಜಿಗೆಂದು ಕಟ್ಟಿದ ನಾಲ್ಕು ಮಹಡಿಯಲ್ಲಿ ಈಗ ಏಳೆಂಟು ಸಂಸಾರ. ಹಿಂದೆ ಊಟದ ಹಾಲ್ ಇದ್ದದ್ದು ನಿಮ್ಮ ಹಾಲ್ ಮತ್ತು ಬೆಡ್‌ರೂಮ್. ನಡುವಿನ ಗೋಡೆ ಪ್ಲಾಸ್ಟರ್‌ಬೋರ್ಡಿನದು. ಪಕ್ಕದವರು ಸೀನಿದರೆ ನೀವು ಚಿರಂಜೀವಿ ಎನ್ನಬಹುದು.

ಹೀಗಾಗಿ ಮನೆ ನೋಡುವಾಗ ಕಡಲು ಕಾಣುತ್ತದೆಯೇ ಎಂಬುದನ್ನು ಕೊನೆಯಲ್ಲಿ ಕೇಳಿ. ಮೊದಲು ಇಂಧನ ದಕ್ಷತೆಯ ಪ್ರಮಾಣಪತ್ರ ನೋಡಿ. ‘ಎ’ಯಿಂದ ‘ಜಿ’ವರೆಗೆ ದರ್ಜೆ ಇರುತ್ತದೆ, ಬಾಡಿಗೆಗೆ ಬಿಡಲು ಸಾಮಾನ್ಯವಾಗಿ ಕನಿಷ್ಠ ‘ಇ’ ಬೇಕು. ‘ಇ’ ದರ್ಜೆಯ ಮನೆಯಲ್ಲಿ ಚಳಿಗಾಲದ ಗ್ಯಾಸ್ ಬಿಲ್ಲು ನಿಮ್ಮನ್ನು ಕಡಲ ಸೌಂದರ್ಯದಿಂದ ಬೇಗ ವಿಮುಖರನ್ನಾಗಿಸುತ್ತದೆ. ಕಿಟಕಿಗೆ ಎರಡು ಪದರ ಗಾಜಿದೆಯೇ? ಬಾತ್‌ರೂಮಿನ ಫ್ಯಾನು ನಿಜಕ್ಕೂ ಗಾಳಿ ಎಳೆಯುತ್ತದೆಯೇ? ಒಂದು ಟಿಶ್ಯೂ ಹಿಡಿದು ನೋಡಿ, ಅಂಟಿಕೊಂಡರೆ ಸರಿ. ಬೇಸ್‌ಮೆಂಟ್ ಫ್ಲ್ಯಾಟ್ ಅಗ್ಗಕ್ಕೆ ಸಿಗುತ್ತದೆ. ಏಕೆ ಅಗ್ಗ ಎಂದು ಗೋಡೆಗೆ ಕೈಯಿಟ್ಟರೆ ತಿಳಿಯುತ್ತದೆ. ಪೋಸ್ಟ್‌ಕೋಡ್ ಹಾಕಿ ನೆರೆಯ ಅಪಾಯ ನೋಡುವ ಸರ್ಕಾರಿ ವೆಬ್‌ಸೈಟ್ ಉಚಿತ. ಮನೆ ಕೊಳ್ಳುವವರಿಗಂತೂ ಇದು ಕಡ್ಡಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ನೆರೆಪೀಡಿತ ಜಾಗಗಳಲ್ಲಿ ವಿಮೆಯನ್ನು ಕೈಗೆಟಕುವಂತೆ ಇಡುವ ಫ್ಲಡ್ ರೀ ಯೋಜನೆ 2009ರಿಂದೀಚೆಗೆ ಕಟ್ಟಿದ ಮನೆಗಳಿಗೆ ಸಿಗುವುದಿಲ್ಲ. ಹೊಳೆಯುವ ಹೊಸ ಅಪಾರ್ಟ್‌ಮೆಂಟೇ ವಿಮೆಯ ವಿಷಯದಲ್ಲಿ ಹಳೆ ಮನೆಗಿಂತ ತೊಡಕಿನದಾಗಬಹುದು.

ಬೂಷ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇಂಡಿಯಾದವರ ಅಡುಗೆಮನೆಗೂ ಇಲ್ಲಿನ ಗೋಡೆಗೂ ಆಗಿಬರುವುದಿಲ್ಲ. ಬಿಸಿ ಗಾಳಿ ಹೆಚ್ಚು ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದು ತಣ್ಣಗಿನ ಗಾಜಿಗೋ ಹೊರಗೋಡೆಗೋ ತಾಗಿದಾಗ ನೀರಾಗಿ ಇಳಿಯುತ್ತದೆ. ಬೆಳಗ್ಗೆ ಇಡ್ಲಿ ಬೇಯಿಸಿ, ಕುಕ್ಕರ್ ಮೂರು ಸಲ ಕೂಗಿಸಿ, ಬಿಸಿನೀರ ಸ್ನಾನ ಮಾಡಿ, ತೊಳೆದ ಬಟ್ಟೆಯನ್ನು ಹಾಲಿನಲ್ಲೇ ಹರವಿ, ಚಳಿಯೆಂದು ಕಿಟಕಿ ಬಿಗಿಯಾಗಿ ಹಾಕಿಕೊಂಡು ಕೆಲಸಕ್ಕೆ ಹೋದರೆ ಅಷ್ಟೂ ಹಬೆ ಮನೆಯೊಳಗೇ ಸುತ್ತುತ್ತಿರುತ್ತದೆ. ಗಾಜಿನ ಕೆಳಗಂಚಿನಲ್ಲಿ ಮೊದಲು ಹನಿಗಳ ಸಾಲು, ವಾರದಲ್ಲಿ ಚೌಕಟ್ಟಿನ ಸಿಲಿಕೋನ್ ಪಟ್ಟಿಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ತಿಂಗಳಲ್ಲಿ ಬೀರುವಿನ ಹಿಂದೆ ಅಂಗೈಯಗಲದ ಕಲೆ, ಒಳಗಿನ ರೇಷ್ಮೆ ಸೀರೆಗೆ ಮಣ್ಣಿನ ವಾಸನೆ. ಉಪಾಯ ದೊಡ್ಡದೇನಲ್ಲ. ಪಾತ್ರೆಗೆ ಮುಚ್ಚಳ, ಅಡುಗೆ ಮಾಡುವಾಗ ಫ್ಯಾನು, ದಿನಕ್ಕೆರಡು ಸಲ ಎದುರುಬದುರು ಕಿಟಕಿ ಹತ್ತು ನಿಮಿಷ ತೆರೆಯುವುದು, ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಸರಿಸುವುದು. ಹೀಟರನ್ನು ಸಂಜೆ ಒಮ್ಮೆ ಜೋರಾಗಿ ಉರಿಸುವುದಕ್ಕಿಂತ ಕಡಿಮೆ ಶಾಖದಲ್ಲಿ ಹೆಚ್ಚು ಹೊತ್ತು ಇಡುವುದು ಗೋಡೆಗೆ ಒಳ್ಳೆಯದು. ತೇವ ಹೀರುವ ಡಿಹ್ಯುಮಿಡಿಫೈಯರ್ ಕೊಂಡರೆ ಬಟ್ಟೆಯೂ ಒಣಗುತ್ತದೆ. ಇಷ್ಟೆಲ್ಲ ಮಾಡಿಯೂ ಕಲೆ ಒಂದೇ ಜಾಗದಲ್ಲಿ ಮೇಲಿಂದ ಕೆಳಗೆ ಇಳಿಯುತ್ತಿದ್ದರೆ ಅದು ನಿಮ್ಮ ಇಡ್ಲಿಯ ತಪ್ಪಲ್ಲ, ಹೊರಗಿನ ಮಳೆನೀರು ಒಳಬರುತ್ತಿದೆ. ಫೋಟೊ ತೆಗೆದು ದಿನಾಂಕ ಸಹಿತ ಮಾಲೀಕರಿಗೆ ಇಮೇಲ್ ಮಾಡಿ. ಬಾಯಿಮಾತಿಗೆ ಇಲ್ಲಿ ಬೆಲೆ ಕಡಿಮೆ. ಅಂದಹಾಗೆ, ದೋಸೆ ಹಿಟ್ಟು ಹುದುಗಲು ಓವನ್ನಿನ ಒಳಗಿಟ್ಟು, ಶಾಖ ಹಾಕದೆ ಒಳದೀಪ ಮಾತ್ರ ಹೊತ್ತಿಸಿಡಿ. ಬೆಳಗಾಗುವಷ್ಟರಲ್ಲಿ ಉಬ್ಬಿರುತ್ತದೆ.

ನೀರಿನದು ಇನ್ನೊಂದು ಕಥೆ. ಸುತ್ತಲ ಗುಡ್ಡಗಳೆಲ್ಲ ಸುಣ್ಣಕಲ್ಲಿನವು, ನೀರು ಅದರೊಳಗಿಂದ ಬರುತ್ತದೆ. ಹಾಗಾಗಿ ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಚಹಾದ ಮೇಲೆ ಪದರ ತೇಲುತ್ತದೆ. ತಿಂಗಳಿಗೊಮ್ಮೆ ವಿನೆಗರ್ ಹಾಕಿ ಕುದಿಸಿ ಚೆಲ್ಲಿದರೆ ಸಾಕು. ಬಿಲ್ಲಿನ ವಿಚಾರಕ್ಕೆ ಬಂದರೆ, ಕುಡಿಯುವ ನೀರಿಗೆ ಒಂದು ಕಂಪನಿ, ಕೊಳಚೆ ನೀರಿಗೆ ಇನ್ನೊಂದು. ಎರಡನೆಯದು ಬಂದಾಗ ಮೋಸದ ಪತ್ರವೆಂದು ಹರಿದು ಹಾಕಬೇಡಿ.

ಬಾಡಿಗೆಯ ಕಾನೂನು ಇತ್ತೀಚೆಗೆ ಬಹಳ ಬದಲಾಗಿದೆ, ಹಳೆಯ ಸ್ನೇಹಿತರ ಸಲಹೆ ಹಳಸಿರಬಹುದು. ಭದ್ರತಾ ಠೇವಣಿ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ (ವರ್ಷದ ಬಾಡಿಗೆ 50,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿರುವ ಬಂಗಲೆಗಳಿಗೆ ಆರು ವಾರ). ಮನೆ ಕಾದಿರಿಸಲು ಕೊಡುವ ಹಣ ಒಂದು ವಾರದ ಬಾಡಿಗೆಯಷ್ಟೇ. ಠೇವಣಿಯನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯಲ್ಲಿ ಇಟ್ಟು ನಿಮಗೆ ವಿವರ ಕೊಡಬೇಕು. ಹೊಸದಾಗಿ ಬಂದವರಿಗೆ ಇಲ್ಲಿನ ಸಂಬಳದ ಚರಿತ್ರೆ ಇಲ್ಲವೆಂದು ಆರು ತಿಂಗಳ ಬಾಡಿಗೆ ಒಟ್ಟಿಗೆ ಕೇಳುವ ರೂಢಿ ಇತ್ತು. 2025ರ ಬಾಡಿಗೆದಾರರ ಹಕ್ಕು ಕಾಯ್ದೆ 2026ರ ಮೇ 1ರಿಂದ ಅದನ್ನು ನಿಲ್ಲಿಸಿತು. ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಬಾಡಿಗೆ ಕೇಳುವಂತಿಲ್ಲ. ಕಾರಣ ಹೇಳದೆ ಬಿಡಿಸುವ ನೋಟಿಸೂ ಹೋಯಿತು, ನಿಗದಿತ ಅವಧಿಯ ಕರಾರೂ ಹೋಯಿತು. ನೀವು ಬಿಡುವುದಾದರೆ ಎರಡು ತಿಂಗಳ ನೋಟಿಸ್ ಕೊಡಬೇಕು. ಇದರಿಂದ ಮಾಲೀಕರು ಆಯ್ಕೆಯಲ್ಲಿ ಇನ್ನಷ್ಟು ಬಿಗಿಯಾಗಿದ್ದಾರೆಂಬುದೂ ನಿಜವೇ. ತಿಂಗಳ ಬಾಡಿಗೆಯ 30 ಪಟ್ಟು ವಾರ್ಷಿಕ ಸಂಬಳ ಇದೆಯೇ ಎಂದು ಏಜೆಂಟರು ಲೆಕ್ಕ ಹಾಕುತ್ತಾರೆ. ಕಡಿಮೆಯಾದರೆ ಜಾಮೀನುದಾರರು ಬೇಕಾಗುತ್ತದೆ. ವೀಸಾ ಈಗ ಆನ್‌ಲೈನ್‌ನಲ್ಲೇ ಇರುವುದರಿಂದ ಸರ್ಕಾರಿ ವೆಬ್‌ಸೈಟಿನಿಂದ ಶೇರ್ ಕೋಡ್ ತೆಗೆದು ಕೊಟ್ಟರೆ ನಿಮ್ಮ ಬಾಡಿಗೆಯ ಅರ್ಹತೆ ತಪಾಸಣೆ ಮುಗಿಯುತ್ತದೆ.

ಬಾಡಿಗೆಯ ಮೇಲೆ ಕೌನ್ಸಿಲ್ ಟ್ಯಾಕ್ಸ್ ಬೇರೆ. ಇದು ಮನೆಯೊಡೆಯನ ತೆರಿಗೆಯಲ್ಲ, ವಾಸಿಸುವವರ ತೆರಿಗೆ. 1991ರ ಏಪ್ರಿಲ್‌ನಲ್ಲಿ ಆ ಮನೆ ಎಷ್ಟು ಬೆಲೆ ಬಾಳುತ್ತಿತ್ತು ಎಂಬುದರ ಮೇಲೆ ದರ್ಜೆ ಕಟ್ಟಿದ್ದಾರೆ, ಇನ್ನೂ ಅದೇ ಲೆಕ್ಕ. ಒಬ್ಬರೇ ಇದ್ದರೆ ಶೇಕಡ 25 ರಿಯಾಯಿತಿ, ಆದರೆ ಕೇಳಿ ಪಡೆಯಬೇಕು. ಸಾಮಾನ್ಯವಾಗಿ ಹತ್ತು ಕಂತು. ಕಸ ಎತ್ತುವುದು ಬರೋ ಕೌನ್ಸಿಲ್, ಶಾಲೆ ರಸ್ತೆ ಕೌಂಟಿ ಕೌನ್ಸಿಲ್. ಒಬ್ಬರಿಗೆ ಫೋನ್ ಮಾಡಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಈ ವಿಷಯದಲ್ಲಿ ನಮ್ಮವರಿಗೆ ತರಬೇತಿ ಬೇಕಿಲ್ಲ.

ಕೆಲಸದ ಬಗ್ಗೆ ಒಂದು ಎಚ್ಚರಿಕೆಯನ್ನು ನೇರವಾಗಿಯೇ ಹೇಳುತ್ತೇನೆ. ಕಡಲ ಊರುಗಳಲ್ಲಿ ವೃದ್ಧರು ಹೆಚ್ಚು, ವೃದ್ಧಾಶ್ರಮಗಳೂ ಹೆಚ್ಚು. ಅದನ್ನೇ ಬಂಡವಾಳ ಮಾಡಿಕೊಂಡು ಕೇರ್ ವರ್ಕರ್ ವೀಸಾ ಕೊಡಿಸುತ್ತೇವೆಂದು ಲಕ್ಷಗಟ್ಟಲೆ ಕೀಳುವ ಏಜೆಂಟರಿದ್ದಾರೆ. 2025ರ ಜುಲೈ 22ರಿಂದ ಆ ಹುದ್ದೆಗೆ ಹೊರದೇಶದಿಂದ ಹೊಸ ನೇಮಕಾತಿ ನಿಂತಿದೆ. ನೋಂದಾಯಿತ ನರ್ಸುಗಳ ದಾರಿ ಬೇರೆ, ಅದು ತೆರೆದಿದೆ: ಕಂಪ್ಯೂಟರ್ ಪರೀಕ್ಷೆ ಭಾರತದಲ್ಲೇ ಬರೆದು, ಇಲ್ಲಿಗೆ ಬಂದ ಮೇಲೆ ಆಸ್ಕಿ ಎಂದು ಎಲ್ಲರೂ ಕರೆಯುವ ಪ್ರಾಯೋಗಿಕ ಪರೀಕ್ಷೆ ಪಾಸಾಗಬೇಕು. ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಬಂದವರಿಗೆ ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಸರ್‌ಚಾರ್ಜ್ ಇಲ್ಲ; ಉಳಿದ ಕೆಲಸದ ವೀಸಾದವರು ವೀಸಾ ಅವಧಿಯಷ್ಟನ್ನೂ ಮುಂಚೆಯೇ ಕಟ್ಟಬೇಕು. ಸಂಗಾತಿಗೆ ಹೋಟೆಲ್, ಕೆಫೆ ಕೆಲಸ ಸಿಗುತ್ತದೆಂದು ಲೆಕ್ಕ ಹಾಕುವವರು ಈಸ್ಟರಿನಿಂದ ಸೆಪ್ಟೆಂಬರ್ ವರೆಗಿನ ತಿಂಗಳುಗಳನ್ನಷ್ಟೇ ಎಣಿಸಿ. ಅಕ್ಟೋಬರ್ ಬಂದರೆ ಕೆಲಸದ ಗಂಟೆಗಳು ಕುಗ್ಗುತ್ತವೆ.

ಮನೆಗೆ ಬಂದ ವಾರವೇ ಹತ್ತಿರದ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿ. ಅದಕ್ಕೆ ವಿಳಾಸದ ದಾಖಲೆಯಾಗಲಿ ವೀಸಾ ಪತ್ರವಾಗಲಿ ಕಡ್ಡಾಯವಲ್ಲ. ಕೌಂಟರಿನಲ್ಲಿ ಬೇಕೆಂದರೆ ವಿನಯದಿಂದಲೇ ನಿಯಮ ನೆನಪಿಸಬಹುದು. ತುರ್ತಲ್ಲದ ಕಾಯಿಲೆಗೆ 111, ಪ್ರಾಣಾಪಾಯಕ್ಕೆ 999. ಔಷಧಿಗೆ ಪ್ರತಿ ಬಾಬ್ತಿಗೆ ಹತ್ತು ಪೌಂಡಿನ ಆಸುಪಾಸು. ಕಷ್ಟ ಇರುವುದು ಹಲ್ಲಿಗೆ. ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆಯ ದರದಲ್ಲಿ ಹೊಸ ರೋಗಿಗಳನ್ನು ತೆಗೆದುಕೊಳ್ಳುವ ದಂತವೈದ್ಯರು ಅಪರೂಪ, ಆದ್ದರಿಂದ ಹಲ್ಲಿನ ಕೆಲಸ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮುಗಿಸಿಕೊಂಡೇ ವಿಮಾನ ಹತ್ತಿ. ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ 2021ರ ವಾರ್ಷಿಕ ವರದಿಯನ್ನು ಇಡಿಯಾಗಿ ಕಡಲತಡಿಯ ಊರುಗಳ ಆರೋಗ್ಯಕ್ಕೇ ಮೀಸಲಿಟ್ಟಿದ್ದರು: ವಯಸ್ಸಾದವರು ಬಂದು ನೆಲೆಸುತ್ತಾರೆ, ವೈದ್ಯರು ನರ್ಸುಗಳು ಬರಲು ಹಿಂಜರಿಯುತ್ತಾರೆ. ನಮ್ಮವರಿಗೆ ಇಲ್ಲಿ ಕೆಲಸ ಸಿಗುವುದಕ್ಕೂ ನಮಗೇ ಅಪಾಯಿಂಟ್‌ಮೆಂಟ್ ತಡವಾಗುವುದಕ್ಕೂ ಕಾರಣ ಒಂದೇ.

ಮಕ್ಕಳ ಶಾಲೆಗೆ ಪ್ರಾಥಮಿಕಕ್ಕೆ ಜನವರಿ 15, ಸೆಕೆಂಡರಿಗೆ ಅಕ್ಟೋಬರ್ 31 ಅರ್ಜಿಯ ಕೊನೆ ದಿನ. ವರ್ಷದ ನಡುವೆ ಬಂದವರಿಗೆ ಪ್ರತ್ಯೇಕ ಅರ್ಜಿ ಇದೆ. ಓಡಾಟದ ವಿಚಾರಕ್ಕೆ ಬಂದರೆ, ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಕಾರು ಓಡಿಸಬಹುದು, ಆಮೇಲೆ ಥಿಯರಿ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಪಾಸಾಗಲೇಬೇಕು. ಪರೀಕ್ಷೆಯ ದಿನ ಸಿಗುವುದೇ ಹರಸಾಹಸ, ಬಂದ ಕೂಡಲೇ ಶುರು ಮಾಡಿ. ಕಾರು ಕೊಂಡರೆ ಉಪ್ಪುಗಾಳಿ ಅದನ್ನು ತಿನ್ನುತ್ತದೆ. ಚಳಿಗಾಲದಲ್ಲಿ ತಳಭಾಗಕ್ಕೂ ನೀರು ಹೊಡೆಸಿ ತೊಳೆಸುವುದು ಇಲ್ಲಿಯವರ ರೂಢಿ. ಬ್ರೈಟನ್ನಿಗೆ ಹೋಗುವ 12ನೇ ನಂಬರ್ ಬಸ್ಸು ಸುಣ್ಣಗುಡ್ಡಗಳ ನಡುವೆ ಹಾದುಹೋಗುತ್ತದೆ. ಮೇಲಂತಸ್ತಿನ ಮುಂದಿನ ಸೀಟು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಪ್ರವಾಸ ಈ ಭಾಗದಲ್ಲಿ ಇಲ್ಲ.

ಇನ್ನು ಕಡಲು. ಮಂಗಳೂರು, ಉಡುಪಿ, ಕಾರವಾರದವರು ತಮಗೆ ಕಡಲು ಗೊತ್ತು ಎಂದುಕೊಂಡೇ ಇಲ್ಲಿ ಇಳಿಯುತ್ತಾರೆ. ಇದು ಬೇರೆ ಕಡಲು. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ಅಂತರ ಒಂದೂವರೆ ಮೀಟರಿನ ಸುತ್ತಮುತ್ತ. ಈಸ್ಟ್‌ಬೋರ್ನ್‌ನಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಆರು ಮೀಟರ್ ದಾಟುತ್ತದೆ. ಬೆಳಗ್ಗೆ ನಡೆದು ಹೋದ ಜಾಗದಲ್ಲಿ ಮಧ್ಯಾಹ್ನ ಎರಡಾಳು ನೀರು. ಊರಿನ ಪಶ್ಚಿಮ ತುದಿಯ ಹೋಲಿವೆಲ್‌ನಿಂದ ಬೀಚಿ ಹೆಡ್ ಬಂಡೆಯ ಬುಡದಲ್ಲಿ ನಡೆದು ಹೋಗುವವರು ಹಿಂದೆ ನೀರು ಮುಚ್ಚಿಕೊಂಡು ಸಿಕ್ಕಿಬೀಳುವುದುಂಟು. ಬೆನ್ನಿಗೆ 162 ಮೀಟರ್ ಎತ್ತರದ ಬಿಳಿ ಗೋಡೆ, ಹತ್ತಲು ದಾರಿಯಿಲ್ಲ. ಹೊರಡುವ ಮುಂಚೆ ಟೈಡ್ ಟೇಬಲ್ ನೋಡಿ, ಇಳಿತ ಮುಗಿದು ನೀರು ಏರತೊಡಗುವ ಮೊದಲೇ ವಾಪಸಾಗಿ. ಮೇಲಿನಿಂದಲೂ ಅಂಚಿಗೆ ಹೋಗಬೇಡಿ. ಹಸಿರು ಹುಲ್ಲು ಗಟ್ಟಿ ನೆಲದಂತೆ ಕಾಣುತ್ತದೆ, ಕೆಳಗೆ ಸುಣ್ಣಕಲ್ಲು ಕುಸಿದು ಟೊಳ್ಳಾಗಿರುತ್ತದೆ. ಸ್ವಲ್ಪ ಪಶ್ಚಿಮಕ್ಕಿರುವ ಬರ್ಲಿಂಗ್ ಗ್ಯಾಪ್‌ನಲ್ಲಿ ಕರಾವಳಿ ಕಾವಲುಗಾರರಿಗೆಂದು ಕಟ್ಟಿದ್ದ ಸಾಲುಮನೆಗಳು ಅಂಚಿಗೆ ಬಂದ ಹಾಗೆಲ್ಲ ಒಂದೊಂದಾಗಿ ಕೆಡವಿಸಿಕೊಳ್ಳುತ್ತಿವೆ.

ದಡದಲ್ಲಿ ಮರಳಿಗಿಂತ ಉರುಟು ಕಲ್ಲೇ ಹೆಚ್ಚು, ಬರಿಗಾಲಿಗೆ ಆಗದು. ಕಡಲಿಗೆ ಅಡ್ಡಲಾಗಿ ನಿಲ್ಲಿಸಿದ ಮರದ ಗೋಡೆಗಳನ್ನು ಗಮನಿಸಿ: ಪಶ್ಚಿಮದ ಬದಿಯಲ್ಲಿ ಕಲ್ಲು ಮೇಲಂಚಿನವರೆಗೂ ರಾಶಿ ಬಿದ್ದಿರುತ್ತದೆ, ಪೂರ್ವದ ಬದಿಯಲ್ಲಿ ಆಳ. ನೈಋತ್ಯದಿಂದ ಬೀಸುವ ಗಾಳಿಯ ಅಲೆಗಳು ಕಲ್ಲನ್ನು ದಿನವೂ ಪೂರ್ವಕ್ಕೆ ದೂಡುತ್ತವೆ; ಹೋದ ಕಲ್ಲನ್ನು ಲಾರಿಗಳಲ್ಲಿ ಮತ್ತೆ ತಂದು ಸುರಿಯುತ್ತಾರೆ. ಆ ಗೋಡೆಯ ಮೇಲಿನಿಂದ ಜಿಗಿದರೆ ಒಂದು ಬದಿಯಲ್ಲಿ ಒಂದಡಿ, ಇನ್ನೊಂದು ಬದಿಯಲ್ಲಿ ಆಳೆತ್ತರಕ್ಕಿಂತ ಹೆಚ್ಚು ಎಂಬುದನ್ನು ಮಕ್ಕಳಿಗೆ ತೋರಿಸಿಕೊಡಿ.

ನೀರು ಆಗಸ್ಟ್ ಸೆಪ್ಟೆಂಬರಿನಲ್ಲೇ 17-18 ಡಿಗ್ರಿ, ಚಳಿಗಾಲದ ಕೊನೆಗೆ ಏಳೆಂಟು. ಇಂಥ ನೀರಿಗೆ ದಿಢೀರನೆ ಬಿದ್ದರೆ ಉಸಿರು ಹಿಡಿದುಕೊಳ್ಳುತ್ತದೆ, ಈಜುಗಾರರೂ ಮುಳುಗುವುದು ಇದರಿಂದಲೇ. 1824ರಿಂದ ಇರುವ ಜೀವರಕ್ಷಕ ಸಂಸ್ಥೆ ಆರ್‌ಎನ್‌ಎಲ್‌ಐ ಹೇಳಿಕೊಡುವುದು ಇಷ್ಟು: ಕೈಕಾಲು ಬಡಿಯಬೇಡಿ, ತಲೆ ಹಿಂದಕ್ಕೆ ಚೆಲ್ಲಿ ತೇಲಿ, ಉಸಿರು ತಹಬಂದಿಗೆ ಬಂದ ಮೇಲೆ ಈಜಿ ಅಥವಾ ಕೂಗಿ. ಕೆಂಪು ಹಳದಿ ಬಾವುಟಗಳ ನಡುವೆಯೇ ನೀರಿಗಿಳಿಯಿರಿ. ಅಪಾಯ ಕಂಡರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ. ಜೋರು ಮಳೆಯಾದ ಮರುದಿನ ಸ್ನಾನ ಬೇಡ: ಇಲ್ಲಿನ ಹಳೆಯ ಕೊಳವೆಗಳಲ್ಲಿ ಮಳೆನೀರು, ಕೊಳಚೆ ಒಟ್ಟಿಗೇ ಹರಿಯುತ್ತವೆ, ತುಂಬಿದಾಗ ಕಡಲಿಗೆ ಬಿಡುತ್ತಾರೆ. ಮೇ 15ರಿಂದ ಸೆಪ್ಟೆಂಬರ್ ಕೊನೆಯವರೆಗೆ ನೀರಿನ ಗುಣಮಟ್ಟದ ಮಾಹಿತಿ ಪ್ರಕಟವಾಗುತ್ತದೆ.

ಸೀಗಲ್ ಹಕ್ಕಿಗಳ ಜೊತೆ ಸಂಧಾನ ಸಾಧ್ಯವಿಲ್ಲ. ಫಿಶ್ ಅಂಡ್ ಚಿಪ್ಸ್ ಪೊಟ್ಟಣ ಬಿಚ್ಚಿ ಬೆಂಚಿನಲ್ಲಿ ಕುಳಿತವರ ಬೆನ್ನ ಹಿಂದಿನಿಂದ ಹಕ್ಕಿ ಸದ್ದಿಲ್ಲದೆ ಬರುತ್ತದೆ; ರೆಕ್ಕೆಯ ಗಾಳಿ ಕಿವಿಗೆ ತಾಕುವುದರೊಳಗೆ ಕೈಯ ಮೀನು ಮಾಯ. ಗೋಡೆಗೆ ಬೆನ್ನು ಕೊಟ್ಟು ತಿನ್ನಬೇಕು, ಹಕ್ಕಿಯನ್ನು ದಿಟ್ಟಿಸಿ ನೋಡುತ್ತಿರಬೇಕು. ಕಸದ ಚೀಲವನ್ನು ಹಿಂದಿನ ರಾತ್ರಿ ಹೊರಗಿಟ್ಟರೆ ಬೆಳಗ್ಗೆ ನಿಮ್ಮ ಮನೆಯ ಮೆನು ಬೀದಿಗೆಲ್ಲ ಗೊತ್ತಾಗಿರುತ್ತದೆ. ಬೇಸಿಗೆಯಲ್ಲಿ ಚಾವಣಿಯ ಮೇಲೆ ಗೂಡು ಕಟ್ಟಿ ನಸುಕಿನ ನಾಲ್ಕಕ್ಕೇ ಕಿರುಚುತ್ತವೆ, ಆದರೂ ಗೂಡು ಕಿತ್ತು ಹಾಕುವಂತಿಲ್ಲ. 1981ರ ವನ್ಯಜೀವಿ ಕಾಯ್ದೆ ಅವಕ್ಕೆ ರಕ್ಷಣೆ ಕೊಟ್ಟಿದೆ.

ಬಿಸಿಲಿನ ಬಗ್ಗೆ ಊರಿನವರಿಗೆ ಹೆಮ್ಮೆ. 1911ರ ಜುಲೈಯಲ್ಲಿ ಇಲ್ಲಿ 383.9 ಗಂಟೆ ಬಿಸಿಲು ದಾಖಲಾಗಿ, ಇಡೀ ಬ್ರಿಟನ್ನಿನ ತಿಂಗಳ ದಾಖಲೆಯಾಗಿ ಉಳಿದಿದೆ. ಡಿಸೆಂಬರಿನಲ್ಲಿ ಮಾತ್ರ ಸಂಜೆ ನಾಲ್ಕಕ್ಕೇ ಕತ್ತಲು. ಕೊಡೆ ಕೊಳ್ಳಬೇಡಿ, ಗಾಳಿ ಅದನ್ನು ಮೊದಲ ವಾರವೇ ಮಗುಚುತ್ತದೆ. ಟೊಪ್ಪಿಗೆಯಿರುವ ಒಳ್ಳೆ ಜಾಕೆಟ್ಟಿಗೆ ಹಣ ಹಾಕಿ.

ಕನ್ನಡದವರು ಬೇಕೆನಿಸಿದರೆ ರೈಲು ಹತ್ತಬೇಕು. ಕನ್ನಡ ಬಳಗ ಯುಕೆಯ ಯುಗಾದಿ, ದೀಪಾವಳಿ ಕೂಟಗಳು ಬೇರೆ ಬೇರೆ ಊರುಗಳಲ್ಲಿ ನಡೆಯುತ್ತವೆ. ವಿಕ್ಟೋರಿಯಾ ರೈಲು ಗ್ಯಾಟ್‌ವಿಕ್ ವಿಮಾನ ನಿಲ್ದಾಣ, ಈಸ್ಟ್ ಕ್ರಾಯ್ಡನ್ ಮೂಲಕವೇ ಹೋಗುವುದರಿಂದ ದಕ್ಷಿಣ ಲಂಡನ್ನಿನ ಇಂಡಿಯನ್ ಅಂಗಡಿಗಳಿಂದ ಕರಿಬೇವು, ರವೆ, ಬ್ಯಾಡಗಿ ಮೆಣಸಿನಕಾಯಿ ಹೊತ್ತು ತರುವುದು ಕಷ್ಟವಲ್ಲ. ನೆಟ್‌ವರ್ಕ್ ರೈಲ್‌ಕಾರ್ಡ್ ಮಾಡಿಸಿದರೆ ದಟ್ಟಣೆಯಿಲ್ಲದ ಹೊತ್ತಿನ ಟಿಕೆಟ್ ಮೂರನೇ ಒಂದು ಪಾಲು ಅಗ್ಗ.

ಒಂದು ಕಾಗದದ ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಭಾರತದ ಪ್ರಜೆಗಳು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ, ಕ್ರಮಬದ್ಧ ವೀಸಾದಲ್ಲಿ ಇಲ್ಲಿ ವಾಸಿಸುವವರು ಕೌನ್ಸಿಲ್ ಚುನಾವಣೆಯಲ್ಲೂ ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು. ಬ್ರಿಟಿಷ್ ಪಾಸ್‌ಪೋರ್ಟ್ ಬರುವವರೆಗೆ ಕಾಯಬೇಕಿಲ್ಲ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಗೆ ಬಂದ ಮೇಲೆ ಆನ್‌ಲೈನ್‌ನಲ್ಲಿ ಐದೇ ನಿಮಿಷದ ನೋಂದಣಿ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಬ್ಯಾಂಕು, ಮೊಬೈಲ್ ಕಂಪನಿಗಳು ನಿಮ್ಮ ವಿಳಾಸವನ್ನು ಬೇಗ ನಂಬುತ್ತವೆ, ಸಾಲದ ಅರ್ಹತೆಯೂ ಸುಧಾರಿಸುತ್ತದೆ. ಮತಗಟ್ಟೆಯಲ್ಲಿ ಫೋಟೊ ಗುರುತಿನ ಚೀಟಿಯಾಗಿ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಮತಗಟ್ಟೆ ಬೆಳಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಆಸ್ಪತ್ರೆಯ ಉದ್ದದ ಪಾಳಿ ಮುಗಿಸಿಕೊಂಡು ಬಂದರೂ ಸಮಯ ಸಿಗುತ್ತದೆ.